ಸಂತ ವೈಟನ ಚರ್ಚಿನಲ್ಲಿ ಶ್ರುತಿರಕ್ಷಣೆ

ಆಸ್ಟ್ರಿಯದ ಲಿಂಡರ್ಸ್‌ಬಾಖ್ ಪಟ್ಟಣದ ಸಂತ ವೈಟನ ಪುರಾತನ ಚರ್ಚಿನಲ್ಲಿ ಪ್ರತಿ ಬೇಸಿಗೆ ನಡೆಯುವ ಬರೋಕ್ ಎಂಬ ಹಳೆಯ ಸಂಗೀತದ ಉತ್ಸವದ ಪ್ರಧಾನ ಶತ್ರು ಶ್ರೋತೃಗಳ ಉಸಿರು ಎಂಬುದು ಈಗ ವಿಧಿವತ್ತಾಗಿ ಸಾಬೀತಾಗಿದೆ.

ಸಾಬೀತು ಮಾಡಿದವರು ಉತ್ಸವ ಸಮಿತಿಯ ಅಧ್ಯಕ್ಷ ಡಾಕ್ಟರ್ ಡಾಕ್ಟರ್ ಒಟ್ಟೋಕಾರ್ ಪ್ರಾಂಡ್ಲ್. ಅವರಿಗೆ ಎರಡು ಡಾಕ್ಟರೇಟ್ ಇರುವುದರಿಂದ ಎರಡು ಸಲ ಹೇಳಬೇಕು. ಒಂದೇ ಸಲ ಹೇಳಿದರೆ ಅವರಿಗೆ ಕೇಳಿಸುವುದಿಲ್ಲ.

ಆದದ್ದಿಷ್ಟು. ಉತ್ಸವದ ಮೊದಲ ಸಂಜೆ ಹಾರ್ಪ್ಸಿಕಾರ್ಡ್ ಅರ್ಧದಲ್ಲೇ ಶ್ರುತಿ ಬಿಟ್ಟಿತು. ಪಿಯಾನೊ ಹುಟ್ಟುವ ಮೊದಲಿನ ಆ ಮರದ ವಾದ್ಯಕ್ಕೆ ಸೆಕೆಯೂ ಆಗದು, ಉಸಿರಿನಷ್ಟು ತೇವವೂ ಆಗದು. ಶ್ರುತಿ ಮಾಡುವವನು ಬಂದ, ತಂತಿ ಬಿಗಿದ, ಹೋದ. ಮತ್ತೆ ಬಿಟ್ಟಿತು, ಮತ್ತೆ ಬಂದ. ಆ ಸಂಜೆ ಜನ ಸಂಗೀತಕ್ಕಿಂತ ಅವನ ಟಿಂಗ್ ಟಿಂಗನ್ನೇ ಹೆಚ್ಚು ಕೇಳಿದರು. ಕೆಲವರು ಅದಕ್ಕೂ ಚಪ್ಪಾಳೆ ತಟ್ಟಿ ಯಾರ ರಚನೆಯೆಂದು ವಿಚಾರಿಸಿದರು.

ಮಾಂಸದಂಗಡಿಯ ವಾಲ್ಬುರ್ಗಾ ಹಿಂದಿನ ಬೆಂಚಿನಲ್ಲಿದ್ದಳು. ಬರೋಕ್ ಎಂದರೇನೆಂದು ಅವಳಿಗೆ ಗೊತ್ತಿಲ್ಲ, ತಿಳಿಯುವ ಹಠವೂ ಇಲ್ಲ. ಮಗಳು ಆಫ್ರಾ ವಿಯೆನ್ನಾಕ್ಕೆ ಹೋಗಿ ಹಾಡು ಕಲಿತಿದ್ದಳು, ಉತ್ಸವದ ಕೊನೆಯ ಸಂಜೆ ಒಬ್ಬಳೇ ನಿಂತು ಹಾಡುವವಳಿದ್ದಳು. ಕಲಿತ ಮೇಲೆ ಅವಳು ಹಾಡಿದ್ದನ್ನು ತಾಯಿ ಒಮ್ಮೆಯೂ ಕೇಳಿರಲಿಲ್ಲ. ಅದೊಂದನ್ನು ಕೇಳಬೇಕು, ಅಷ್ಟೇ.

ಮರುದಿನ ಚರ್ಚಿನ ಬಾಗಿಲಿಗೆ ಪ್ರಕಟಣೆ ಬಿತ್ತು:

“ಶ್ರೋತೃಗಳು ಎರಡು ಕೃತಿಗಳ ನಡುವೆ ಮಾತ್ರ ಉಸಿರಾಡತಕ್ಕದ್ದು. ನಿಟ್ಟುಸಿರು, ಆಕಳಿಕೆ ಮತ್ತು ಭಾವಪರವಶತೆಯನ್ನು ನಿಷೇಧಿಸಲಾಗಿದೆ. ಮಹಾಪೋಷಕರ ಉಸಿರಿನಿಂದ ಹಾನಿಯಿಲ್ಲವೆಂದು ಸಮಿತಿ ಮನಗಂಡಿರುವುದರಿಂದ ಅವರಿಗೆ ಇದು ಅನ್ವಯಿಸುವುದಿಲ್ಲ.”

“ಅದ್ಯಾಕೆ ಡಾಕ್ಟರ್ ಡಾಕ್ಟರ್, ದುಡ್ಡು ಕೊಟ್ಟೋರೇನು ಮೂಗಿಲ್ದೆ ಹುಟ್ಟಿದಾರಾ?” ಎಂದು ಕೇಳಿದಳು ವಾಲ್ಬುರ್ಗಾ.

“ಅವರು ದೊಡ್ಡ ಮನೆಗಳಲ್ಲಿ ಉಸಿರಾಡಿ ಅಭ್ಯಾಸ ಆದವರು, ವಾಲ್ಬುರ್ಗಾ ಅವರೇ. ಅವರ ಉಸಿರು ತೆಳ್ಳಗೆ ಹರಡುತ್ತೆ. ನಿಮ್ಮದು ಒತ್ತೊತ್ತಾಗಿ ಬರುತ್ತೆ.”

“ಈ ಚರ್ಚಿನ ಮಾಡು ಸೋರ್ತಿದ್ದಾಗ ಹೆಂಚು ಹೊತ್ತೋರು ನಾವು. ಆಗ ಇಲ್ಲೇ ನಿಂತು ಏದುಸಿರು ಬಿಟ್ಟಿದ್ವಿ. ಯಾರೂ ಬೇಡ ಅನ್ಲಿಲ್ಲ.”

“ಆಗ ಒಳಗೆ ಹಾರ್ಪ್ಸಿಕಾರ್ಡ್ ಇರಲಿಲ್ಲ.”

ಮಾತು ನ್ಯಾಯವಾಗಿಯೇ ಇತ್ತು.

ಎರಡನೆಯ ಸಂಜೆ ಬೇಕರಿಯವನು ಒಂದು ದೀರ್ಘ ಕೃತಿಯ ನಡುವೆ ನೀಲಿಗಟ್ಟಿ ಬಿದ್ದ. ಬೀಳುವಾಗ ಹಿಡಿದಿಟ್ಟದ್ದನ್ನೆಲ್ಲ ಒಮ್ಮೆಗೇ ಬಿಟ್ಟ. ಶ್ರುತಿ ಇಳಿಯಿತು. ಸಮಿತಿ ಅವನ ವರ್ತನೆಯನ್ನು ಖಂಡಿಸಿ, ಇನ್ನು ಮುಂದೆ ಶ್ರೋತೃಗಳೆಲ್ಲರೂ ಚರ್ಚಿನ ಹೊರಗೆ, ಸಮಾಧಿಗಳ ನಡುವೆ ಕೂರತಕ್ಕದ್ದೆಂದು ಆಜ್ಞೆ ಹೊರಡಿಸಿತು. “ಅಲ್ಲಿ ಈಗಾಗಲೇ ಮಲಗಿರುವವರ ಉಸಿರಿನ ಶಿಸ್ತನ್ನು ಮಾದರಿಯಾಗಿ ಸ್ವೀಕರಿಸುವುದು” ಎಂಬ ಸಾಲೂ ಇತ್ತು.

ಟಿಕೆಟ್ ದರ ಬದಲಾಗಲಿಲ್ಲ. ಮಹಾಪೋಷಕರಿಗೆ ಮರದ ನೆರಳು, ಉಳಿದವರಿಗೆ ಇಳಿಬಿಸಿಲು. ಚರ್ಚಿನ ಗೋಡೆ ಒಂದು ಮಾರು ದಪ್ಪ, ಕಿಟಕಿ ಬಾಗಿಲು ಮುಚ್ಚಿದ್ದವು, ಒಂದು ಸ್ವರವೂ ಹೊರಗೆ ಬರಲಿಲ್ಲ. ಕೃತಿ ಮುಗಿದಾಗಲೆಲ್ಲ ಗೋಪುರದಿಂದ ಬಿಳಿ ಬಾವುಟ ಬೀಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು.

“ಒಳಗಿದ್ದಾಗ ಬರೀ ಕೆಮ್ಮು ಕೇಳಿಸ್ತಿತ್ತು,” ಎಂದ ಚೇತರಿಸಿಕೊಂಡ ಬೇಕರಿಯವನು. “ಈಗ ನೋಡಿ, ಎಷ್ಟು ನಿಚ್ಚಳ!”

ವಾಲ್ಬುರ್ಗಾ ಮತ್ತೆ ಅಧ್ಯಕ್ಷರ ಬೆನ್ನು ಹತ್ತಿದಳು. “ನನ್ನ ಮಗಳು ಹಾಡೋವಾಗ ಬೀಗದ ಕಿಂಡಿಗೆ ಕಿವಿ ಇಡ್ತೀನಿ. ಕಿವಿ ಉಸಿರಾಡಲ್ಲ ತಾನೆ?”

“ಕಿವಿ ಬಂದ ಕಡೆ ಮೂಗೂ ಬರುತ್ತಲ್ಲ.”

“ಕಟ್ಕೊಂಡು ಬರ್ತೀನಿ ಸ್ವಾಮಿ.”

ಉಪಸಮಿತಿ ಸೇರಿತು. ಮೂಗು ಕಟ್ಟಿದ ಒಬ್ಬ ತಾಯಿಗೆ, ಒಂದು ಕಿವಿಯ ಮಟ್ಟಿಗೆ, ಅನುಮತಿ ದೊರೆಯಿತು.

ಕೊನೆಯ ಸಂಜೆ ವಾಲ್ಬುರ್ಗಾ ಮೂಗಿಗೆ ಬಟ್ಟೆ ಬಿಗಿದು, ಮಂಡಿಯೂರಿ, ಕಿಂಡಿಗೆ ಕಿವಿ ಇಟ್ಟಳು. ಬಾಗಿಲು ತೆರೆಯಿತು. ಆಫ್ರಾ ಹೊರಗೆ ಬಂದಳು. ಅವಳ ಹಿಂದೆ ಉಳಿದ ಗಾಯಕರು, ಕೊಳಲಿನವರು, ಪಿಟೀಲಿನವರು, ಕಟ್ಟಕಡೆಗೆ ಬೆವರು ಒರೆಸಿಕೊಳ್ಳುತ್ತ ಹಾರ್ಪ್ಸಿಕಾರ್ಡ್ ನುಡಿಸುವವನು.

“ಏನಾಯ್ತೇ?”

“ಹಾಡೋರ ಉಸಿರು ಕೇಳೋರದ್ದಕ್ಕಿಂತ ಜಾಸ್ತಿಯಂತಮ್ಮ. ಈಗ ಅಳೆದು ನೋಡಿದ್ರು.”

“ಇಲ್ಲೇ ಹಾಡ್ಬಿಡು ಮತ್ತೆ!”

“ಪರವಾನಗಿ ಚರ್ಚಿನ ಒಳಗಡೆಗೆ ಮಾತ್ರ.”

ಬಾಗಿಲಿಗೆ ಬೀಗ ಬಿತ್ತು. ಒಳಗೆ ಹಾರ್ಪ್ಸಿಕಾರ್ಡ್ ಒಂದೇ ಉಳಿಯಿತು. ಕಾರ್ಯಕ್ರಮ ನಿಗದಿತ ಸಮಯಕ್ಕೆ ಆರಂಭವಾಯಿತು. ಎಲ್ಲರೂ ಬಾಗಿಲ ಕಡೆ ಮುಖ ಮಾಡಿ ಕೂತರು. ಆಫ್ರಾಳ ಸರದಿ ಬಂದಾಗ ಅವಳು ಎದ್ದು ನಿಂತಳು, ಹಾಡಿಗೆ ಹಿಡಿಯುವಷ್ಟು ಹೊತ್ತು ನಿಂತೇ ಇದ್ದಳು. ಬಾವುಟ ಬೀಸಿದರು. ಅವಳು ಬಾಗಿ ನಮಸ್ಕರಿಸಿದಳು. ಚಪ್ಪಾಳೆಯೋ ಚಪ್ಪಾಳೆ. ಹೂಗುಚ್ಛವನ್ನೂ ಕೊಟ್ಟರು. ವಾಲ್ಬುರ್ಗಾ ಅತ್ತಳು. ಹೊರಗೆ ಅಳುವುದಕ್ಕೆ ನಿಷೇಧವಿರಲಿಲ್ಲ.

ಆಮೇಲೆ ಶ್ರುತಿ ಮಾಡುವವನು ಒಳಗೆ ಹೋಗಿ ಒಂದೊಂದೇ ತಂತಿ ಪರೀಕ್ಷಿಸಿ ಬಂದು ಮೆಚ್ಚಿ ತಲೆದೂಗಿದ. ಉತ್ಸವದ ಇತಿಹಾಸದಲ್ಲೇ ಒಂದೂ ಅಪಸ್ವರವಿಲ್ಲದ ಸಂಜೆ ಇದೇ ಮೊದಲು ಎಂದು ಅಧ್ಯಕ್ಷರು ಘೋಷಿಸಿದರು. ಮುಂದಿನ ವರ್ಷದ ಟಿಕೆಟ್ ಅಲ್ಲೇ ಮುಗಿದುಹೋಯಿತು.

ಮನೆಯಲ್ಲಿ ವಾಲ್ಬುರ್ಗಾ ಆಲೂಗಡ್ಡೆ ಉಂಡೆ ಬೇಯಿಸಲು ನೀರಿಟ್ಟಳು. “ಈಗಾದ್ರೂ ಹಾಡೇ. ಇಲ್ಲಿ ಯಾರಿದಾರೆ, ನಾನೊಬ್ಬಳು.”

ಆಫ್ರಾ ಒಲೆಯ ಕಡೆ ನೋಡಿದಳು. “ಆವಿ, ಅಮ್ಮ.”

ವಾಲ್ಬುರ್ಗಾ ಒಲೆ ಆರಿಸಿದಳು. ಪಾತ್ರೆ ಹೊರಗಿಟ್ಟಳು. ಬಂದು ಮಗಳೆದುರು ಕೂತಳು. ಆಫ್ರಾ ಬಾಯಿ ತೆರೆದಳು, ತಾಯಿಯನ್ನು ನೋಡಿದಳು, ಮುಚ್ಚಿದಳು.

“ಏನೇ?”

“ಅಮ್ಮ, ನೀನು ಉಸಿರಾಡ್ತಿದ್ದೀಯ.”

“ಅಯ್ಯೋ, ಗ್ಯಾನವೇ ಇರ್ಲಿಲ್ಲ ನೋಡು ಮಗಳೇ,” ಎಂದು ವಾಲ್ಬುರ್ಗಾ ಎದ್ದು ಹೊರಗೆ ಹೋದಳು. ಬಾಗಿಲು ಭದ್ರವಾಗಿ ಎಳೆದುಕೊಂಡು, ಮೆಟ್ಟಿಲ ಮೇಲೆ ಕೂತು, ಚಪ್ಪಾಳೆಗೆ ಎರಡೂ ಕೈ ಸಿದ್ಧವಾಗಿಟ್ಟುಕೊಂಡಳು.