ಪಕ್ಕದ ಮನೆಯ ಪತ್ರಿಗಿಡ

"ಗಿಡ ಅವನದಿರಬಹುದು, ರಸ್ತಾದ ಮ್ಯಾಲಿನ ಗಾಳಿ ಸರಕಾರದ್ದು. ಈ ವಾರದಾಗ ಆ ಟೊಂಗಿ ನೆಲಕ್ಕ ಬೀಳಲಿಲ್ಲಂದ್ರ ನಾ ಬಿ.ಎಸ್ಸಿ. ಓದಿದಾವನ ಅಲ್ಲ," ಎಂದು ಇಳಕಲ್ಲಿನ ಚೇತನಕುಮಾರ ಮಾಸ್ತರರು ಕನ್ನಡಿಯ ಮುಂದೆ ನಿಂತು ಪ್ರತಿಜ್ಞೆ ಮಾಡಿದರು. ಹೆಂಡತಿಯ ಮುಂದೆ ಮಾಡುವ ಧೈರ್ಯವಿರಲಿಲ್ಲ.

ಟೊಂಗೆ ಪಕ್ಕದ ಮನೆಯ ದೀಪಕನ ಪತ್ರಿಗಿಡದ್ದು, ಅಂದರೆ ಬಿಲ್ವದ ಮರದ್ದು. ಕಾಂಪೌಂಡ್ ದಾಟಿ ರಸ್ತೆಯ ಮೇಲೆ ಚಾಚಿತ್ತು. ಅದರ ತಪ್ಪು ಅಷ್ಟೇ ಆಗಿದ್ದರೆ ಮಾಸ್ತರರು ಕ್ಷಮಿಸುತ್ತಿದ್ದರು. ಆದರೆ ಹೆಂಡತಿ ದಾನೇಶ್ವರಿ ದಿನಾ ಬೆಳಿಗ್ಗೆ ಲಿಂಗಪೂಜೆಗೆ ಪತ್ರಿ ತರಲು ಅಲ್ಲಿಗೆ ಹೋಗಿ, ಬರುವಾಗ ದೀಪಕನ ಹೊಗಳಿಕೆಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು.

"ದೀಪಕಣ್ಣನ ಕೈಗುಣ ನೋಡ್ರಿ. ಅಕ್ಕಿ ತೊಳದ ನೀರ ಚೆಲ್ಲತಾನ, ಗಿಡ ಮುಗಲಿಗೆ ಹೋಗತೈತಿ. ನೀವು ಮಣ್ಣ ಪರೀಕ್ಷಿ ಮಾಡಿ, ನೀರ ಅಳದು ಹಾಕಿದ ದಾಸಾಳ ವಾರದಾಗ ಕಣ್ಣ ಮುಚ್ಚಿತು."

"ಅದರ ಆಯುಷ್ಯ ಅಷ್ಟ ಇತ್ತು," ಎಂದರು ಮಾಸ್ತರರು. ಹೊಟ್ಟೆಯಲ್ಲಿ ಮಾತ್ರ ಪ್ರಯೋಗಶಾಲೆಯ ಬುನ್ಸನ್ ಬರ್ನರ್ ಹತ್ತಿಕೊಂಡಿತು. ಅದೇ ಉರಿಯಲ್ಲಿ, ಹೆಸರು ಹೇಳದೆ ನಗರಸಭೆಗೆ ಫೋನ್ ಮಾಡಿದರು.

ಸೋಮವಾರ ನಗರಸಭೆಯ ನಿರೀಕ್ಷಕ ಮತೀನ, ಕೊಡಲಿ ಹಿಡಿದ ಅಮಸಿದ್ದಪ್ಪನೊಂದಿಗೆ ಬಂದಿಳಿದ. ಮಾಸ್ತರರು ಏನೂ ಅರಿಯದವರಂತೆ ಬಾಗಿಲಿಗೆ ಬಂದು ನಿಂತರು.

"ಯಾರೋ ಫೋನ್ ಮಾಡಿ ತಕರಾರು ಕೊಟ್ಟಾರ. ಗಿಡ ಮನಿಯವರದು. ಟೊಂಗಿ ರಸ್ತಾಕ ಬಂದ್ರ ನಮ್ಮದು," ಎಂದು ಮತೀನ ಕಾಯ್ದೆ ಹೇಳಿದ. "ಕಡಿ."

ಅಮಸಿದ್ದಪ್ಪ ಕದಲಲಿಲ್ಲ. "ಶ್ರಾವಣ ಸೋಮವಾರ ಪತ್ರಿಗಿಡಕ್ಕ ಕೊಡ್ಲಿ ಹಾಕಂದ್ರ? ನೌಕರಿ ಹೋದ್ರ ಹೋಗ್ಲಿ ಸಾಹೇಬ್ರ, ನನ್ನಿಂದ ಆಗಂಗಿಲ್ಲ."

ಮಾಸ್ತರರು ಮೆಟ್ಟಿಲಿಳಿದು ಮುಂದೆ ಬಂದರು. "ಶಾಸ್ತ್ರ ಬ್ಯಾರೆ, ಕಾಯ್ದೆ ಬ್ಯಾರೆ," ಎಂದು ನಡುವೆ ಬಾಯಿ ಹಾಕಿದರು.

"ಹಂಗಾದ್ರ ನೀವ ಹಾಕ್ರಿ ಸರ," ಎಂದು ಅಮಸಿದ್ದಪ್ಪ ಕೊಡಲಿ ಚಾಚಿದ. ಅಷ್ಟರಲ್ಲಿ ದಾನೇಶ್ವರಿ ಮಾಳಿಗೆಯ ಮೇಲಿಂದ ಬಗ್ಗಿ ನೋಡಿದಳು. ಮಾಸ್ತರರ ಕೈ ಬೆನ್ನ ಹಿಂದೆ ಹೋಯಿತು.

ಮತೀನ ತಲೆ ಕೆರೆದುಕೊಂಡ. "ರಸ್ತಾ ಬಿಟ್ರ ಸಾಕು ನಮಗ. ಟೊಂಗಿ ಎಳೇದೈತಿ, ಹಗ್ಗ ಹಾಕಿ ಈ ಬದಿಗೆ ಜಗ್ಗಿ ಕಟ್ಟಿದ್ರ ಆತು. ಎಲ್ಲಿ ಕಟ್ಟೋದು?"

"ನಮ್ಮ ಮಾಳಿಗಿ ಕಂಬಕ್ಕ ಕಟ್ರಿ," ಎಂದಳು ದಾನೇಶ್ವರಿ. "ನಮ್ಮವ್ರು ಜಗ್ಗತಾರ."

ಜಗ್ಗಿದರು. ಬೀಳಿಸಲು ಹೊರಟ ಟೊಂಗೆಯನ್ನು ಉಳಿಸಲು, ಗದ್ದಲ ಕೇಳಿ ಹೊರಬಂದ ದೀಪಕನ ಹೆಗಲಿಗೆ ಹೆಗಲು ಕೊಟ್ಟು ಜಗ್ಗಿದರು. ಪತ್ರಿಮುಳ್ಳು ಅಂಗೈಗೆ ನೆಟ್ಟಿತು. "ಹಂಗಲ್ಲ ಸರ, ಹಿಂಗ ಜಗ್ರಿ," ಎಂದು ದೀಪಕ ಕಲಿಸಿಕೊಟ್ಟದ್ದು ಅದಕ್ಕಿಂತ ಆಳಕ್ಕೆ ನೆಟ್ಟಿತು.

ಮರುದಿನ ದಾನೇಶ್ವರಿ ತನ್ನ ಮಾಳಿಗೆಯಲ್ಲೇ ನಿಂತು ಪತ್ರಿ ಹರಿದುಕೊಂಡು ಕೆಳಗಿಳಿದಳು. "ನಗರಸಭಾಕ ತಕರಾರು ಕೊಟ್ಟಾವ ಪುಣ್ಯಾತ್ಮ ನೋಡ್ರಿ. ಗಿಡ ಅಲ್ಲೈತಿ, ಪತ್ರಿ ನಮ್ಮ ಮನಿಗೆ ಬಂತು. ಭಾಳ ಶಾಣ್ಯಾ ಮನಶಾ."

ಇಷ್ಟು ವರ್ಷದ ಸಂಸಾರದಲ್ಲಿ ಸಿಕ್ಕ ಮೊದಲ ಹೊಗಳಿಕೆ. ಪಡೆಯಲು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಆ ಪುಣ್ಯಾತ್ಮ ಯಾರಂತ ನಿನಗ ಗೊತ್ತೈತೇನು?"

"ಗೊತ್ತಿಲ್ದ ಏನ್ರಿ? ಈಗ ಮಾಳಿಗಿ ಮ್ಯಾಲಿಂದ ಇದ ಮಾತು ಅಂದೆ, ದೀಪಕಣ್ಣ ನಕ್ಕೊಂತ ಒಪ್ಪಿಕೊಂಡ. ನಮಗ ಅನುಕೂಲ ಆಗ್ಲಿ ಅಂತ ತಾನ ಫೋನ್ ಮಾಡಿದ್ನಂತ." ದಾನೇಶ್ವರಿ ಬಿಸಿ ಹೋಳಿಗೆಯ ತಟ್ಟೆಯನ್ನು ಗಂಡನ ಕೈಗಿಟ್ಟಳು. "ಹೋಗ್ರಿ, ಇದನ್ನ ಕೊಟ್ಟು, ಭಾಳ ಉಪಕಾರ ಆತು ಅಂತ ನಿಮ್ಮ ಬಾಯಿಲೆ ಒಂದ ಮಾತು ಹೇಳಿ ಬರ್ರಿ."