ಎಲ್ರಾಯ್ ಮನೆಯ ಗ್ಯಾರೇಜು ಬಾಗಿಲು

ಕಸದ ಡಬ್ಬಿಯ ಚಕ್ರ ತಗುಲಿ ಒಂದು ತಗಡಿನ ಪಟ್ಟಿ ಸೊಟ್ಟಗಾಗದೆ ಇದ್ದಿದ್ದರೆ ಎಲ್ರಾಯ್ ಬುಬ್ಲಿಟ್ಸನ ಆ ಶುಕ್ರವಾರ ಉಳಿದ ಶುಕ್ರವಾರಗಳಂತೆಯೇ ಕಳೆದುಹೋಗುತ್ತಿತ್ತು.

ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಡಬ್ಬಿ ಎಳೆದುಕೊಂಡು ಗ್ಯಾರೇಜಿನಿಂದ ಹೊರಬರುವಾಗ ಚಕ್ರ ಬಾಗಿಲ ಚೌಕಟ್ಟಿಗೆ ಬಡಿಯಿತು. ಅಲ್ಲಿ, ನೆಲದಿಂದ ಗೇಣು ಮೇಲೆ, ಎಡಕ್ಕೊಂದು ಬಲಕ್ಕೊಂದು ತಗಡಿನ ಪಟ್ಟಿಯ ಮೇಲೆ ಪುಟ್ಟ ವಿದ್ಯುತ್ ಕಣ್ಣುಗಳಿದ್ದವು. ಒಂದು ಬೆಳಕು ಬಿಡುತ್ತದೆ, ಇನ್ನೊಂದು ಅದನ್ನೇ ನೋಡುತ್ತಿರುತ್ತದೆ. ನಡುವೆ ಮಗುವೋ ಬೆಕ್ಕೋ ಬಂದರೆ ಇಳಿಯುತ್ತಿರುವ ಬಾಗಿಲು ತಾನಾಗಿ ಮೇಲಕ್ಕೆ ಹೋಗಬೇಕು, ಇದು ಕಾನೂನು. ಚಕ್ರ ಬಡಿದ ಮೇಲೆ ಎಡಗಣ್ಣು ಬಲಗಣ್ಣನ್ನು ಬಿಟ್ಟು ಗೋಡೆಗೆ ಒರಗಿಸಿದ್ದ ಹಿಮ ಎತ್ತುವ ಸಲಿಕೆಯನ್ನು ನೋಡತೊಡಗಿತು.

ಕಾರು ಹೊರಗೆ ತಂದು ಎಲ್ರಾಯ್ ರಿಮೋಟಿನ ಗುಂಡಿ ಒತ್ತಿದ. ಬಾಗಿಲು ಮೊಳದಷ್ಟು ಇಳಿದು, ಏನೋ ಮರೆತವರ ಹಾಗೆ ವಾಪಸು ಹೋಯಿತು. ಮತ್ತೆ ಒತ್ತಿದ. ಮತ್ತೆ ವಾಪಸು.

ಇದು ಬೇರೆ ಯಾರ ಮನೆಯಲ್ಲಿ ಆಗಿದ್ದರೂ ನಗಬಹುದಿತ್ತು. ವಿಸ್ಕಾನ್ಸಿನ್‌ನ ಆ ಸಣ್ಣ ಊರು ಬದುಕಿದ್ದೇ ಗ್ಯಾರೇಜು ಬಾಗಿಲು ಎತ್ತುವ ಯಂತ್ರದ ಕಾರ್ಖಾನೆಯಿಂದ. ಆ ಕಾರ್ಖಾನೆಯ ಪರೀಕ್ಷಾ ಕೋಣೆ ಎಲ್ರಾಯ್‌ನದು. ತಯಾರಾದ ಯಂತ್ರಗಳಲ್ಲಿ ಕೆಲವನ್ನು ಆರಿಸಿ, ಬಾಗಿಲಿನ ಕೆಳಗೆ ಹಲಗೆ ಇಟ್ಟು, ತಾಗಿದೊಡನೆ ಬಾಗಿಲು ಹಿಂದಿರುಗುತ್ತದೋ ಇಲ್ಲವೋ ನೋಡಿ, ಬರೆದು, ಸಹಿ ಹಾಕಿ, ಮೂರು ವರ್ಷ ಜೋಪಾನ ಮಾಡುವುದು ಅವನ ಕೆಲಸ. ಆ ದಾಖಲೆ ನೋಡಲು ಅಂದೇ ಸರ್ಕಾರದ ಇನ್ಸ್‌ಪೆಕ್ಟರ್ ಬರುವವರಿದ್ದರು.

ತೆರೆದೇ ಬಿಟ್ಟು ಹೋಗೋಣವೆಂದರೆ ಒಳಗೆ ಜಿಂಕೆ ನೇತಾಡುತ್ತಿತ್ತು. ಹೆಂಡತಿ ಆರ್ಡಿಸ್ ಆ ವಾರ ತಾನೇ ಬೇಟೆಯಲ್ಲಿ ಹೊಡೆದು ತಂದು, ಮಾಂಸ ಹದವಾಗಲೆಂದು ತೂಗುಹಾಕಿದ್ದು. ಅವಳು ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೋಗುವಾಗ, “ನಾಯಿ ಏನಾದ್ರೂ ಬಾಯಿ ಹಾಕಿದ್ರೆ ನಿನ್ನನ್ನೇ ಅಲ್ಲಿ ನೇತುಹಾಕ್ತೀನಿ” ಎಂದು ಹೇಳಿಯೇ ಹೋಗಿದ್ದಳು. ಎದುರು ಮನೆಯ ಎರಡು ನಾಯಿಗಳು ಆಗಲೇ ರಸ್ತೆಯಂಚಿಗೆ ಬಂದು, ಮದುವೆ ಮನೆಯಲ್ಲಿ ಪಂಕ್ತಿಗೆ ಕಾಯುವವರ ಹಾಗೆ ಕೂತಿದ್ದವು.

ಒಳಗಿನ ಗೋಡೆಯ ಗುಂಡಿಯನ್ನು ಒತ್ತಿ ಹಿಡಿದರೆ ಕಣ್ಣಿನ ಮಾತು ಕೇಳದೆ ಬಾಗಿಲು ಇಳಿಯುತ್ತದೆ. ಎಲ್ರಾಯ್ ಹಾಗೆಯೇ ಮಾಡಿದ. ಬಾಗಿಲು ಮುಚ್ಚಿತು. ಆ ಗ್ಯಾರೇಜಿಗೆ ಬೇರೆ ಬಾಗಿಲಿಲ್ಲ ಎನ್ನುವುದು ಕತ್ತಲಲ್ಲಿ ಜಿಂಕೆಯ ಪಕ್ಕ ನಿಂತಾಗ ನೆನಪಾಯಿತು.

ಮತ್ತೆ ತೆರೆದ. ಯಂತ್ರದಿಂದ ಬಾಗಿಲನ್ನು ಬಿಡಿಸಿ ಕೈಯಿಂದಲೇ ಎಳೆಯೋಣವೆಂದು ಕೆಂಪು ಹಗ್ಗ ಜಗ್ಗಿದ. ಹಗ್ಗ ಕಿತ್ತು ಕೈಗೆ ಬಂತು.

“ಏನಪ್ಪಾ ಎಲ್ರಾಯ್, ಬೆಳಗ್ಗೆಯಿಂದ ಬಾಗಿಲ ಜೊತೆ ಆಟ ಆಡ್ತಾ ಇದ್ದೀಯ?” ಪಕ್ಕದ ಮನೆಯ ಮುದುಕಿ ವರ್ನಾ ನಿಲುವಂಗಿ ಸುತ್ತಿಕೊಂಡು ಬೇಲಿಯ ಬಳಿ ಬಂದಿದ್ದಳು.

“ಕಣ್ಣು ಸೊಟ್ಟಗಾಗಿದೆ ವರ್ನಾ.”

“ನಂಗೂ ಹಾಗೇ ಆಗಿತ್ತು. ಡಾಕ್ಟರು ಎರಡು ಹನಿ ಔಷಧಿ ಕೊಟ್ರು.”

ಬಾಗಿಲಿನ ಕಣ್ಣು ಎಂದು ತಿಳಿಸುವಷ್ಟರಲ್ಲಿ ಅವಳು ಕ್ಯಾಸ್‌ನನ್ನು ಕೂಗಿಯಾಗಿತ್ತು. ಕ್ಯಾಸ್ ಎಂದರೆ ಕ್ಯಾಸಿಮಿರ್ ವೊಯ್ಟಾಲಾ. ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಅವನಿಗೆ ಹಬ್ಬ. ಟೇಪು, ತಂತಿ, ಏಣಿಯೊಂದಿಗೇ ಬಂದ.

ಎಲ್ರಾಯ್ ಪಟ್ಟಿಯನ್ನು ನೆಟ್ಟಗೆ ಮಾಡಲು ಬಗ್ಗಿದ. ಅದು ಲಟಕ್ಕನೆ ಮುರಿಯಿತು.

“ಬಿಡು ಮಾರಾಯ, ಎದ್ದೇಳು” ಎಂದ ಕ್ಯಾಸ್. “ಎರಡೂ ಕಣ್ಣು ಬಿಚ್ಚಿ, ಎದುರುಬದುರು ಇಟ್ಟು ಟೇಪು ಸುತ್ತಿ ಮೇಲಿನ ತೊಲೆಗೆ ಕಟ್ಬಿಡೋಣ. ಅದಕ್ಕದೇ ಮುಖ ನೋಡ್ಕೊಂಡು ಖುಷಿಯಾಗಿರುತ್ತೆ. ಬಾಗಿಲು ಮುಚ್ಚುತ್ತೆ.”

“ಅಯ್ಯೋ ಕ್ಯಾಸ್! ಹಾಗೆ ಮಾಡ್ಲೇಬಾರದು ಅಂತ ಯಂತ್ರದ ಡಬ್ಬದ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ!”

“ಯಾವ ಪುಣ್ಯಾತ್ಮ ಬರೆದಿದ್ದು?”

“ನಾನೇ.”

“ಹಾಗಾದ್ರೆ ನಿನಗೆ ಗೊತ್ತಿದೆ. ಓದೋ ಅವಶ್ಯಕತೆ ಇಲ್ಲ” ಎಂದು ಕ್ಯಾಸ್ ಏಣಿ ಹತ್ತಿದ.

ನಾಯಿಗಳು ಹುಲ್ಲು ದಾಟಿ ಒಳಕ್ಕೆ ಬರುತ್ತಿದ್ದವು. ಎಲ್ರಾಯ್ ಮುಖ ತಿರುಗಿಸಿಕೊಂಡು ನಿಂತ. ಬಾಗಿಲು ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಗಡಗಡ ಸದ್ದು ಮಾಡುತ್ತ ಪೂರ್ತಿ ಮುಚ್ಚಿಕೊಂಡಿತು. ಹೆಚ್ಚುವರಿ ರಿಮೋಟನ್ನು ಕ್ಯಾಸ್‌ಗೆ ಕೊಟ್ಟು, “ಸಂಜೆ ಬಂದು ಸರಿ ಮಾಡ್ತೀನಿ, ಯಾರಿಗೂ ಹೇಳ್ಬೇಡ” ಎಂದು ಕಾರು ಹತ್ತಿದ. ವರ್ನಾ ಅಲ್ಲೇ ನಿಂತಿದ್ದಳು. ಅವಳಿದ್ದ ಮೇಲೆ ಬೀದಿಯಲ್ಲಿ ಯಾರಿಗೂ ತಿಳಿಯದೆ ಉಳಿಯುವ ಹಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಮಿಸ್ ಪ್ರೂಯಿಟ್ ತೆಳ್ಳಗಿನ, ಕಡಿಮೆ ಮಾತಿನ ಹೆಂಗಸು. ಕೋಟು ಬಿಚ್ಚದೆ ದಾಖಲೆಗಳ ಮುಂದೆ ಕೂತವರು ಮಧ್ಯಾಹ್ನದವರೆಗೆ ಏಳಲಿಲ್ಲ. ಯಾವ ಯಂತ್ರ, ಯಾವ ದಿನ, ಯಾರು ಪರೀಕ್ಷಿಸಿದರು, ಏನಾಯಿತು, ಒಂದಾದರೂ ತಪ್ಪಿದೆಯೇ ಎಂದು ಹುಡುಕಿದರು. ಇರಲಿಲ್ಲ. ಮಾಲೀಕ ಹಲ್ಸ್‌ಮನ್ ಎಲ್ರಾಯ್‌ನ ಬೆನ್ನು ಎಷ್ಟು ಜೋರಾಗಿ ತಟ್ಟಿದನೆಂದರೆ ಅವನ ಕನ್ನಡಕ ಜಾರಿತು.

“ಕಾಗದ ಚೆನ್ನಾಗಿದೆ” ಎಂದರು ಮಿಸ್ ಪ್ರೂಯಿಟ್. “ಆದ್ರೆ ಕಾಗದದ ಮೇಲೆ ಯಾರೂ ಕಾರು ನಿಲ್ಲಿಸಲ್ಲ. ಜನ ಇರೋ ಮನೆಯಲ್ಲಿ ನಿಮ್ಮ ಯಂತ್ರ ಒಂದನ್ನು ನೋಡ್ಬೇಕು.”

“ಅಷ್ಟೇನಾ ಮೇಡಂ! ನಮ್ಮ ಎಲ್ರಾಯ್ ಮನೆ ಇಲ್ಲೇ ಎರಡು ಬೀದಿ ಆಚೆ. ಅವನದಕ್ಕಿಂತ ಒಳ್ಳೇದು ಊರಲ್ಲಿ ಸಿಗೋದುಂಟೇ? ಮೊದಲು ಮೀನು ತಿನ್ನೋಣ, ಶುಕ್ರವಾರ ಅಂದ್ರೆ ನಮ್ಮೂರಲ್ಲಿ ಮೀನೂಟ!” ಎಂದ ಹಲ್ಸ್‌ಮನ್.

ಎಲ್ರಾಯ್ ಕೋಟು ತರುವ ನೆಪ ಹೇಳಿ ಎದ್ದ. ಪರೀಕ್ಷಾ ಕೋಣೆಗೆ ಓಡಿ ಫೋನು ಹಿಡಿದು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, “ಕ್ಯಾಸ್, ಬೆಳಗ್ಗೆ ಮಾಡಿದ್ದನ್ನ ತೆಗಿ. ಇನ್ಸ್‌ಪೆಕ್ಟರು ಮೀನು ತಿಂದು ಮನೆಗೇ ಬರ್ತಾ ಇದ್ದಾರೆ. ಆ ಬಾಗಿಲು ನೆಟ್ಟಗೆ ಕೆಲಸ ಮಾಡ್ಬೇಕು. ಏನಾದ್ರೂ ಮಾಡು” ಎಂದ.

“ಏನಾದ್ರೂ?”

“ಏನಾದ್ರೂ ಕಣೋ!”

“ಅವರಿಗೆ ನಿಧಾನವಾಗಿ ತಿನ್ನೋಕೆ ಹೇಳು” ಎಂದು ಕ್ಯಾಸ್ ಫೋನಿಟ್ಟ.

ಎಲ್ರಾಯ್ ತನ್ನಿಂದಾದದ್ದೆಲ್ಲ ಮಾಡಿದ. ಮೀನಿನಲ್ಲಿ ಮುಳ್ಳಿದೆ, ಜೋಪಾನ ಎಂದ. ಕೋಸಿನ ಪಚಡಿ ಇನ್ನೊಂದು ತಟ್ಟೆ ತರಿಸಿದ. ಕೆರೆಯ ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯುವುದು ಹೇಗೆಂದು ಮಿಸ್ ಪ್ರೂಯಿಟ್‌ಗೆ ವಿವರಿಸಿದ, ಅವರು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಹಲ್ಸ್‌ಮನ್ ಅವನನ್ನೇ ದಿಟ್ಟಿಸಿ, “ಇವತ್ತು ನಿನಗೇನಾಗಿದೆ?” ಎಂದ.

ಮನೆಯ ಮುಂದೆ ಕಾರು ನಿಂತಾಗ ಅರ್ಧ ಬೀದಿ ಅಲ್ಲಿ ನೆರೆದಿತ್ತು. ವರ್ನಾ ಮಡಚುವ ಕುರ್ಚಿ ಹಾಕಿಸಿ ಎಲ್ಲರಿಗೂ ಕಾಫಿ ಹಂಚುತ್ತಿದ್ದಳು. ಕ್ಯಾಸ್‌ನ ಅಂಗಿಯ ತುಂಬ ಮಸಿ, ಮುಖದ ತುಂಬ ನಗು.

ಮಿಸ್ ಪ್ರೂಯಿಟ್ ಜಿಂಕೆಯನ್ನು ನೋಡಿ “ದೊಡ್ಡದು” ಎಂದಷ್ಟೇ ಹೇಳಿ, ಬಾಗಿಲು ಇಳಿಯುವಲ್ಲಿ ಹಲಗೆ ಮಲಗಿಸಿದರು. ಎಲ್ರಾಯ್ ಕಣ್ಣು ಮುಚ್ಚಿ ಗೋಡೆಯ ಗುಂಡಿ ಒತ್ತಿದ. ಏನೂ ಕೇಳಿಸಲಿಲ್ಲ. ಕೆಟ್ಟೇಹೋಗಿದೆ ಎಂದುಕೊಂಡು ಕಣ್ಣು ಬಿಟ್ಟ. ಬಾಗಿಲು ಬೆಕ್ಕಿನ ಹೆಜ್ಜೆಯಲ್ಲಿ ಇಳಿಯಿತು, ಹಲಗೆಯನ್ನು ಮುಟ್ಟಿತು, ಮುಟ್ಟಿದ ತಕ್ಷಣ ಮೇಲೇರಿತು. ಎರಡನೇ ಸಲ ಇಳಿಯುವಾಗ ಮಿಸ್ ಪ್ರೂಯಿಟ್ ಕೆಳಗೆ ಬೂಟಿನ ಕಾಲು ಚಾಚಿದರು. ಬಾಗಿಲು ಅಲ್ಲಿಂದಲೇ ಹಿಂದಿರುಗಿತು. ಬುಡದಲ್ಲಿ ಎರಡೂ ಕಣ್ಣುಗಳು ಹೊಸ ಪಟ್ಟಿಯ ಮೇಲೆ ಫಳಫಳ ಹೊಳೆಯುತ್ತಿದ್ದವು.

“ನಾನು ನೋಡಿದ್ದರಲ್ಲೆಲ್ಲ ಇದೇ ಒಳ್ಳೇದು” ಎಂದರು ಮಿಸ್ ಪ್ರೂಯಿಟ್. ಬೀದಿಯವರು ಚಪ್ಪಾಳೆ ತಟ್ಟಿದರು.

ಎಲ್ರಾಯ್‌ಗೆ ಅಳು ಬರುವಷ್ಟು ನೆಮ್ಮದಿಯಾಯಿತು. ಆದರೂ ಕಿವಿ ಒಪ್ಪಲಿಲ್ಲ. ತನ್ನ ಜನ್ಮದಲ್ಲಿ ಅವನು ತಮ್ಮ ಕಾರ್ಖಾನೆಯ ಯಂತ್ರ ಇಷ್ಟು ಮೆತ್ತಗೆ ಓಡಿದ್ದು ಕೇಳಿರಲಿಲ್ಲ. ತಲೆಯೆತ್ತಿದ. ಯಂತ್ರದ ಮುಚ್ಚಳದ ಮೇಲೆ ಕಂಪನಿಯ ಹೆಸರು ಇದ್ದಲ್ಲೇ ಇತ್ತು. ಕ್ಯಾಸ್‌ನನ್ನು ಮೂಲೆಗೆ ಎಳೆದ.

“ಏನೋ ಮಾಡ್ದೆ?”

“ನಿಮ್ಮದು ರಿಪೇರಿ ಆಗೋ ಜಾತಿ ಅಲ್ಲ ಮಾರಾಯ. ಕಿತ್ತುಹಾಕ್ದೆ. ನನ್ನ ಮನೆದು ಬಿಚ್ಕೊಂಡು ಬಂದು ಹಾಕ್ದೆ, ಕಣ್ಣು ಸಮೇತ.”

“ನಿನ್ನದು… ಅದು ಮಿಲ್ವಾಕೀಯವರದ್ದಲ್ವೇನೋ? ನಮ್ಮ ಎದುರಾಳಿ ಕಂಪನಿದು!”

“ಅದಕ್ಕೇ ನಿಮ್ಮ ಮುಚ್ಚಳ ಕೂರಿಸಿದ್ದು. ಸ್ವಲ್ಪ ಸುತ್ತಿಗೆ ಏಟು ಬೇಕಾಯ್ತು.”

ಎಲ್ರಾಯ್‌ನ ಮುಖ ಸುಣ್ಣವಾಯಿತು. ಇಷ್ಟು ವರ್ಷಗಳಲ್ಲಿ ಅವನು ಒಂದೇ ಒಂದು ಸುಳ್ಳು ಅಂಕಿಗೂ ಸಹಿ ಹಾಕಿದವನಲ್ಲ. ನೌಕರಿ ಹೋದರೆ ಹೋಗಲಿ ಎಂದುಕೊಂಡು ನೇರವಾಗಿ ಹಲ್ಸ್‌ಮನ್‌ನ ಮುಂದೆ ಹೋಗಿ ನಿಂತ.

“ಸಾರ್, ನಿಜ ಹೇಳ್ಬಿಡ್ತೀನಿ. ಈ ಯಂತ್ರ ನಮ್ದಲ್ಲ.”

ಹಲ್ಸ್‌ಮನ್ ಬಿದ್ದುಬಿದ್ದು ನಕ್ಕ. “ಅದೇ ಮೇಡಂ, ನಾನೂ ಅದೇ ಹೇಳ್ಬೇಕು ಅಂತಿದ್ದೆ! ನಮ್ದು ಅಂತ ನಂಬೋಕೇ ಆಗಲ್ಲ!”

“ಇಲ್ಲ ಸಾರ್, ನಿಜವಾಗ್ಲೂ ಬೇರೆಯವರದ್ದು. ಕ್ಯಾಸ್ ತಂದು—”

“ನೋಡಿದ್ರಾ ಇವನ ಗುಣ? ಮಾಡಿದ್ದು ತಾನು, ಹೆಸರು ಪಕ್ಕದ ಮನೆಯವರಿಗೆ!” ಹಲ್ಸ್‌ಮನ್ ಅವನ ಹೆಗಲು ಹಿಡಿದು ಅಲ್ಲಾಡಿಸಿದ. “ಮನೆಯಲ್ಲಿ ಕೂತು ಇಷ್ಟು ಸುಧಾರಿಸಿದ್ದೀಯ, ಒಂದು ಮಾತು ಹೇಳ್ಲಿಲ್ಲ! ಸೋಮವಾರದಿಂದ ನಮ್ಮ ಯಂತ್ರ ಎಲ್ಲಾ ಹೀಗೇ ಬರ್ಬೇಕು. ನೀನೇ ಜವಾಬ್ದಾರಿ. ಹೀಗೆ ಬರ್ಲಿಲ್ಲ ಅಂದ್ರೆ ಕೇಳೋದು ನಿನ್ನನ್ನೇ.”

ಎಲ್ರಾಯ್ ಕಡೆಯ ಆಸೆಯಿಂದ ಇನ್ಸ್‌ಪೆಕ್ಟರ್ ಕಡೆ ತಿರುಗಿದ. ಮಿಸ್ ಪ್ರೂಯಿಟ್ ಕೈಚೀಲದಿಂದ ಖಾಲಿ ಹಾಳೆಯೊಂದನ್ನು ತೆಗೆದು ಅವನ ಮುಂದೆ ಹಿಡಿದರು.

“ಮೂಲ ಯಂತ್ರಕ್ಕೆ ಏನೇನು ಬದಲಾವಣೆ ಮಾಡಿದ್ರಿ, ಇದರಲ್ಲಿ ಬರೆದು ಸಹಿ ಮಾಡಿ. ಮೂರು ವರ್ಷ ಇಟ್ಟಿರಿ. ನಾನು ಬಂದು ನೋಡ್ತೀನಿ.”

ಎಲ್ರಾಯ್ ಪೆನ್ನು ಹಿಡಿದುಕೊಂಡು ನಿಂತೇ ಇದ್ದ. ಕ್ಯಾಸ್‌ಗೆ ಅವನ ಕಷ್ಟ ನೋಡಲಾಗಲಿಲ್ಲ. ಹತ್ತಿರ ಬಂದು ಕಿವಿಯಲ್ಲಿ ಹೇಳಿಕೊಟ್ಟ:

“ಮುಚ್ಚಳ ಒಂದು ಬಿಟ್ಟು ಎಲ್ಲಾ ಅಂತ ಬರೆ.”