ಟೀವಿಯೊಳಗೊಂದು ಗುಂಯ್

"ಭಾನುವಾರದೊಳಗೆ ಆ ಗುಂಯ್ ಅನ್ನೋದನ್ನ ಹುಡುಕಿ ಕತ್ತು ಹಿಸುಕದಿದ್ರೆ ನನ್ನ ಹೆಸರು ಓಂಕಾರಮೂರ್ತಿಯೇ ಅಲ್ಲ!"

ಚಳ್ಳಕೆರೆಯ ಶೇಂಗಾ ವ್ಯಾಪಾರಿ ಓಂಕಾರಮೂರ್ತಿಯವರು ಸ್ಕ್ರೂಡ್ರೈವರನ್ನು ಗದೆಯಂತೆ ಎತ್ತಿ ಹಿಡಿದು ಹೀಗೆ ಪ್ರತಿಜ್ಞೆ ಮಾಡಿದರು. ಹೆಂಡತಿ ಸುಲೋಚನಮ್ಮ ಅವರೆಕಾಯಿ ಬಿಡಿಸುತ್ತಲೇ ಹೇಳಿದರು: "ಹೆಸರು ಆಮೇಲೆ ಬದಲಾಯಿಸಾನ. ಮೊದಲು ಕಾಲಿಗೆ ಚಪ್ಪಲಿ ಹಾಕ್ಕಳ್ರಿ, ಶಾಕ್ ಹೊಡದೀತು."

ವಿಷಯ ಸಣ್ಣದಲ್ಲ. ಮಗಳು ಐಶ್ವರ್ಯ ಶಾಲೆಯ ಮಕ್ಕಳ ಜೊತೆ ಬೆಂಗಳೂರಿಗೆ ಹೋಗಿ ದೂರದರ್ಶನದಲ್ಲಿ ಹಾಡಿ ಬಂದಿದ್ದಳು. ಭಾನುವಾರ ಸಂಜೆ ಅದರ ಪ್ರಸಾರ. ಹಾಡೆಲ್ಲ ಗುಂಪಿನದು, ಕೊನೆಯ ಒಂದೇ ಒಂದು ಸಾಲು ಮಾತ್ರ ಐಶ್ವರ್ಯ ಒಬ್ಬಳದು! ಆ ಒಂದು ಸಾಲು ಕೇಳಲು ಮೊಳಕಾಲ್ಮುರಿನಿಂದ ಓಂಕಾರಮೂರ್ತಿಯವರ ಅತ್ತೆ ಬಸವಲಿಂಗಮ್ಮನವರು ತಮ್ಮ ಮಗ ಮಹಾಂತೇಶನ ಜೊತೆ ಬಸ್ಸು ಹತ್ತುವವರಿದ್ದರು.

ಇತ್ತ ಟೀವಿಯ ಕಥೆ ಬೇರೆ. ಕೆಟ್ಟು ಕೂತಿದ್ದ ಆ ಕಪ್ಪು ಬಿಳುಪು ಪೆಟ್ಟಿಗೆ ಒಂದು ವಾರ ರಿಪೇರಿ ಅಂಗಡಿಯಲ್ಲಿದ್ದು ಮನೆಗೆ ಬಂದಿತ್ತು. ಚಿತ್ರ ಕನ್ನಡಿಯಷ್ಟು ಚೊಕ್ಕ. ಆದರೆ ಹಾಕಿದ ಕೂಡಲೇ ಗುಂಯ್ ಎಂಬ ಸದ್ದು! ವಾರ್ತೆ ಓದುವವರು ಎಣ್ಣೆ ಮಿಲ್ಲಿನಲ್ಲಿ ಕೂತು ಓದಿದಂತೆ ಕೇಳುತ್ತಿತ್ತು.

ಅದೇ ವಾರ ಮನೆಗೆ ಇನ್ನೊಂದು ವಸ್ತುವೂ ಬಂದಿತ್ತು. ವರ್ತಕರ ರಾಜ್ಯೋತ್ಸವದ ಭಾಷಣ ಸ್ಪರ್ಧೆಯಲ್ಲಿ ಓಂಕಾರಮೂರ್ತಿಯವರಿಗೆ ಪ್ರಥಮ ಬಹುಮಾನ! ಐದು ನಿಮಿಷದ ಭಾಷಣವನ್ನು ಮುಕ್ಕಾಲು ಗಂಟೆ ಎಳೆದಿದ್ದರು. ಉಳಿದ ಸ್ಪರ್ಧಿಗಳು ಹಸಿವು ತಾಳದೆ ಊಟಕ್ಕೆ ಎದ್ದುಹೋಗಿದ್ದರಿಂದ ತೀರ್ಪುಗಾರರ ಕೆಲಸ ಹಗುರವಾಗಿತ್ತು. ಬಹುಮಾನವೆಂದರೆ ಹಿತ್ತಾಳೆ ತಗಡು ಹೊಡೆದ ಮರದ ಷೀಲ್ಡು. ಟೀವಿ ನೋಡುವ ಕಣ್ಣೆಲ್ಲ ಅದನ್ನೂ ನೋಡಲಿ ಎಂದು ಅವರು ಅದನ್ನು ಟೀವಿಯ ನೆತ್ತಿಯ ಮೇಲೆ, ಕ್ರೋಷಾ ಹೊದಿಕೆ ಮತ್ತು ಗಾಜಿನ ಗಿಳಿಯ ನಡುವೆ ಪ್ರತಿಷ್ಠಾಪಿಸಿದ್ದರು.

ಮೊದಲು ಟೀವಿಯನ್ನು ಆಟೋದಲ್ಲಿ ಹೇರಿಕೊಂಡು ಮತ್ತೆ ಅಂಗಡಿಗೆ ಒಯ್ದರು. ರಿಪೇರಿ ಮಾಡಿದ ವೀರೇಶ ಹಾಕಿ ತೋರಿಸಿದ. "ಪವರ್ ಸಪ್ಲೈಗೆ ಹೊಸ ಕೆಪಾಸಿಟರ್ ಹಾಕೀನಿ ಸಾರ್. ಎಲ್ಲೈತೆ ಸದ್ದು, ನೀವೇ ಕೇಳ್ರಿ." ಸದ್ದೇ ಇಲ್ಲ! ಮನೆಗೆ ತಂದು, ಮೇಲಿನ ಅಲಂಕಾರವೆಲ್ಲ ಜೋಡಿಸಿ ಹಾಕಿದರೆ ಗುಂಯ್!

"ಅಂಗಡೀಲಿ ಬಾಯಿ ಮುಚ್ಕಂಡಿರ್ತದೆ, ಮನೆಗೆ ಬಂದ್ರೆ ಶುರು ಹಚ್ಕಂತದಲ್ಲೇ!"

"ಈ ಮನೇಲಿ ಯಾರನ್ನೋ ನೋಡಿ ಕಲ್ತೈತೆ ಬಿಡ್ರಿ," ಎಂದರು ಸುಲೋಚನಮ್ಮ.

ಆಗಲೇ ಆ ಪ್ರತಿಜ್ಞೆ ಹೊರಬಿದ್ದದ್ದು. ಪವರ್ ಸಪ್ಲೈಯ ಟ್ರಾನ್ಸ್‌ಫಾರ್ಮರಿನ ತಗಡುಗಳು ಸಡಿಲವಾದರೆ ಗುಂಯ್‌ಗುಡುತ್ತವೆ, ವಾರ್ನಿಷ್ ಬಳಿದು ಬಿಗಿ ಮಾಡಬೇಕು ಎಂದು ಅವರಿಗೆ ಯಾರೋ ಹೇಳಿದ್ದರು. ವಾರ್ನಿಷ್ ಯಾಕೆ? ಚಳ್ಳಕೆರೆಯಲ್ಲಿ ಹುಣಸೆಬೀಜದ ಗಂಜಿಗೇನು ಬರವೇ? ಕಂಬಳಿಯನ್ನೇ ಹಲಗೆಯಂತೆ ಸೆಟೆದು ನಿಲ್ಲಿಸುವ ಗಂಜಿ ನಾಲ್ಕು ತಗಡು ಹಿಡಿದಿಡದೇ? ಚೊಂಬು ಹಿಡಿದು ಹಿಂದಿನ ಬೀದಿಯ ಕಂಬಳಿ ನೇಯುವ ಯರ್ರಮ್ಮನ ಮನೆಗೆ ಹೋದರು.

"ಯಾವ ಕಂಬಳಿಗೆ ಸಾಮಿ?"

"ಟೀವಿಗಮ್ಮ."

"ಅಯ್ಯೋ ದೇವುಡಾ!" ಎಂದು ಯರ್ರಮ್ಮ ಚೊಂಬು ತುಂಬಿಸಿ ಕೊಟ್ಟಳು.

ಟೀವಿಯ ಮೇಲಿನ ಸಾಮಾನೆಲ್ಲ ಇಳಿಸಿ, ಬೆನ್ನು ಬಿಚ್ಚಿ, ಗಂಜಿ ಬಳಿದು, ಬಿಸಿಲಿಗಿಟ್ಟು ಒಣಗಿಸಿ ಹಾಕಿದರು. ನಿಶ್ಶಬ್ದ! "ಲೇ ಸುಲೂ, ಬಾರೇ, ಬಂದು ನೋಡೇ!" ಎಂದು ಕೂಗಿದ್ದು ಬಸ್ ಸ್ಟ್ಯಾಂಡಿಗೆ ಕೇಳಿಸಿರಬೇಕು. ಸುಲೋಚನಮ್ಮ ಬಂದು ಮೆಚ್ಚಿಕೊಂಡು, ಧೂಳು ಒರೆಸಿ, ಹೊದಿಕೆ, ಗಿಳಿ, ಷೀಲ್ಡು ಎಲ್ಲ ಮೊದಲಿನಂತೆ ಇಟ್ಟರು. ಗುಂಯ್!

ಮರುದಿನ ಬೆಳಿಗ್ಗೆ ಗಂಜಿಯ ವಾಸನೆ ಹಿಡಿದು ಅಡುಗೆಮನೆಯಿಂದ ಟೀವಿಯವರೆಗೆ ಇರುವೆಗಳ ದಿಬ್ಬಣ ಹೊರಟಿತ್ತು. ವಾರ್ತೆ ಓದುವವಳ ಮೂಗಿನ ಮೇಲೂ ಇರುವೆ!

"ಹಂಗಾದ್ರೆ ಇದು ಅರ್ಥಿಂಗ್ ಪ್ರಾಬ್ಲಮ್ಮು!" ಎಂದು ಓಂಕಾರಮೂರ್ತಿಯವರು ಹಿತ್ತಲಿಗೆ ನುಗ್ಗಿ, ಅರ್ಥಿಂಗ್ ತಂತಿ ಹೂತಿದ್ದ ಸುಲೋಚನಮ್ಮನ ದಾಸವಾಳದ ಬುಡವನ್ನೇ ಅಗೆದು, ಮನೆಯ ಉಪ್ಪನ್ನೆಲ್ಲ ಸುರಿದು, ತೊಟ್ಟಿಯ ನೀರು ಖಾಲಿ ಮಾಡಿದರು. ಅಂದಿನ ಸಾರು ಸಪ್ಪೆಯಾಯಿತು. ಗುಂಯ್ ಮಾತ್ರ ಸಪ್ಪೆಯಾಗಲಿಲ್ಲ.

ಭಾನುವಾರ ಬಂದೇಬಿಟ್ಟಿತು. ಬಸವಲಿಂಗಮ್ಮನವರು ಮುಂದಿನ ಕುರ್ಚಿಯಲ್ಲಿ ಆಸೀನರಾದರು. ಹಾಡು ಶುರುವಾಯಿತು. ಮಕ್ಕಳ ಬಾಯಿ ಆಡುತ್ತಿತ್ತು, ಕೇಳಿಸುತ್ತಿದ್ದುದು ಗುಂಯ್ ಒಂದೇ. ಐಶ್ವರ್ಯಳ ಕಣ್ಣಲ್ಲಿ ನೀರು ತುಂಬಿತು.

"ಏಳ್ರಿ ಎಲ್ಲಾ, ಎದುರುಮನೆ ಪಾತಣ್ಣನ ಕಲರ್ ಟೀವೀಲಾದ್ರೂ ಕೇಳಾನ!" ಎಂದು ಸುಲೋಚನಮ್ಮ ಎದ್ದರು.

ಏಳುತ್ತಾ ಮಹಾಂತೇಶ ಟೀವಿ ಮೇಲಿನ ಷೀಲ್ಡನ್ನು ಕೈಗೆತ್ತಿಕೊಂಡ. "ಏನ್ ಭಾವ, ಇದು ಭಾಷಣಕ್ಕೆ ಕೊಟ್ಟಿದ್ದಾ?"

ಗುಂಯ್ ನಿಂತಿತು!

ಅವನು ಷೀಲ್ಡನ್ನು ಮತ್ತೆ ಟೀವಿ ಮೇಲಿಟ್ಟ. ಗುಂಯ್! ಎತ್ತಿದ. ನಿಶ್ಶಬ್ದ. ಷೀಲ್ಡಿನ ಹಿತ್ತಾಳೆ ತಗಡಿನ ಮೊಳೆ ಸಡಿಲವಾಗಿತ್ತು. ಟೀವಿ ಒಂಚೂರು ಅದುರಿದರೂ ಸಾಕು, ತಗಡು ಭಾಷಣ ಆರಂಭಿಸುತ್ತಿತ್ತು.

"ಕೂತ್ಕಳ್ರಿ, ಕೂತ್ಕಳ್ರಿ! ಇನ್ನೇನು ನನ್ನ ಸಾಲು ಬರ್ತೈತೆ!" ಐಶ್ವರ್ಯ ಕುಣಿದಳು. ಎಲ್ಲರೂ ಉಸಿರು ಬಿಗಿಹಿಡಿದು ಕೂತರು.

ಆದರೆ ಬಹುಮಾನ ಪಡೆದ ಬಾಯಿ ಸುಮ್ಮನಿದ್ದೀತೇ? "ನೋಡಿದ್ರಾ! ನಾನು ಮೊದಲಿಂದ ಹೇಳ್ತಾನೇ ಇದ್ದೆ. ಪವರ್ ಸಪ್ಲೈ ಅನ್ನೋದು ಟೀವಿಗೆ ಹೃದಯ ಇದ್ದಂಗೆ. ಅದರ ಕಂಪನ ಏನೈತೆ, ಅದು..."

ಬಸವಲಿಂಗಮ್ಮನವರು ಟೀವಿಯಿಂದ ಕಣ್ಣು ಕೀಳದೆ ಕೈ ಬೀಸಿದರು. "ಲೇ ಮಹಾಂತೇಶ, ಮತ್ತೆ ಶುರುವಾತು ನೋಡು. ಅದನ್ನೂ ಎತ್ತಿ ಒಳಗಿಡು!"

ಮಹಾಂತೇಶ ಎತ್ತಬೇಕಾಗಲಿಲ್ಲ. ಓಂಕಾರಮೂರ್ತಿಯವರೇ ಷೀಲ್ಡನ್ನು ಎದೆಗವಚಿಕೊಂಡು ಅಡುಗೆಮನೆಗೆ ನಡೆದರು. ಬಾಗಿಲ ಮರೆಯಲ್ಲಿ ಇರುವೆಗಳ ಜೊತೆ ನಿಂತು, ತುಟಿ ಪಿಟಕ್ಕೆನ್ನದೆ, ಮಗಳ ಸಾಲನ್ನು ಪೂರ್ತಿ ಕೇಳಿದರು.